ನಾಲಿಗೆಯ ಮೇಲೆ ಹೊರಿಸಿದ ತಪ್ಪು

ಹೋದ ವರ್ಷ ಶ್ರಾವಣದ ಒಂದು ಸಂಜೆ ನಮ್ಮ ಬೀದಿಯ ನೇಕಾರರ ಮನೆಯ ಸೊಸೆಯೊಬ್ಬಳು ನಾಲ್ಕು ವರ್ಷದ ಮಗನನ್ನು ಕೈಹಿಡಿದು ಕರೆತಂದು ನಮ್ಮ ಜಗುಲಿಯ ಬಳಿ ನಿಂತಳು. ಕೂತುಕೊಳ್ಳಮ್ಮ ಎಂದರೆ ಕೂರಲಿಲ್ಲ. ಹೇಳಬೇಕಾದುದನ್ನು ಎಷ್ಟೋ ದಿನದಿಂದ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದವಳಂತೆ ಒಂದೇ ಉಸಿರಿಗೆ ಹೇಳಿದಳು:

"ಮೇಷ್ಟ್ರೇ, ನಿಮಗೂ ಚಿಕ್ಕವರಿದ್ದಾಗ ಹಿಂಗೇ ಇತ್ತಂತೆ, ನಮ್ಮತ್ತೆ ಹೇಳಿದ್ರು. ಏನು ಔಷಧ ತಗೊಂಡ್ರಿ?"

ಹುಡುಗನಿಗೆ ಆರೇಳು ತಿಂಗಳಿಂದ ಉಗ್ಗು. ಮೊದಲು ಗಿಳಿಯ ಹಾಗೆ ಮಾತನಾಡುತ್ತಿದ್ದವನು ಈಗ 'ಅ-ಅ-ಅಮ್ಮ' ಎಂದು ಮೊದಲಕ್ಷರದಲ್ಲೇ ಎಡವುತ್ತಾನೆ. ಕೆಲವು ಸಲ ಬಾಯಿ ತೆರೆದರೂ ಸ್ವರವೇ ಹೊರಡುವುದಿಲ್ಲ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ ದಿನವೂ ಬಜೆ ತೇಯ್ದು ನೆಕ್ಕಿಸುತ್ತಾರೆ. ಗಂಡ, ನಾಲ್ಕು ಬಿಗಿದರೆ ಸರಿಹೋಗುತ್ತಾನೆ ಎನ್ನುತ್ತಾನೆ. ಹತ್ತಿರದ ನೆಂಟರೊಬ್ಬರು, ನಾಲಿಗೆಯ ಕೆಳಗಿನ ನರ ಅಂಟಿಕೊಂಡಿದೆ, ಅದನ್ನು ಕತ್ತರಿಸಿದರೆ ಮಾತು ಸಲೀಸಾಗುತ್ತದೆ ಎಂದಿದ್ದಾರೆ. ಬರುವ ಸೋಮವಾರ ಕರೆದುಕೊಂಡು ಹೋಗುವುದೆಂದು ಗೊತ್ತಾಗಿದೆ. "ಕತ್ತರಿಸೋದಾ, ಬೇಡವಾ? ನನಗೆ ಕೈಕಾಲು ಆಡ್ತಿಲ್ಲ ಮೇಷ್ಟ್ರೇ" ಎಂದಳು.

ನಾನು ಹೇಳಿದ ಉತ್ತರ ಎರಡು ಮಾತಿನದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ಎರಡು ಮಾತಿನ ಹಿಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಒಂದು ಚರಿತ್ರೆ ಇದೆ. ವೃತ್ತಿಯಿಂದ ನಾನು ಚರಿತ್ರೆಯ ಮೇಷ್ಟರು; ಹುಟ್ಟಿನಿಂದ ಉಗ್ಗ. ಆದ್ದರಿಂದ ಈ ಚರಿತ್ರೆಯನ್ನು ಹೇಳುವ ಅಧಿಕಾರ ನನಗೆ ಎರಡು ಕಡೆಯಿಂದಲೂ ಬಂದಿದೆ ಎಂದು ವಾಚಕರು ಒಪ್ಪಿಯಾರು.

ನಮ್ಮ ಊರು ಮೊಳಕಾಲ್ಮೂರು. ರೇಷ್ಮೆ ಸೀರೆಯನ್ನು ಬಲ್ಲವರಿಗೆ ಈ ಹೆಸರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಚರಿತ್ರೆಯನ್ನು ಬಲ್ಲವರಿಗೂ ಬೇಕಾಗಿಲ್ಲ. ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆಗಳಲ್ಲಿ ಅಶೋಕ ಚಕ್ರವರ್ತಿಯ ಕಿರು ಬಂಡೆಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಪತ್ತೆ ಹಚ್ಚಿದರು. ಬ್ರಹ್ಮಗಿರಿಯ ಬಂಡೆಯನ್ನು ಸುತ್ತಿನ ಜನ 'ಅಕ್ಷರಗುಂಡು' ಎಂದು ಕರೆಯುತ್ತಿದ್ದರು. ಓದಲು ಬಾರದಿದ್ದರೂ ಅಲ್ಲಿರುವುದು ಅಕ್ಷರ ಎಂಬುದು ಅವರಿಗೆ ಗೊತ್ತಿತ್ತು. ಇಸಿಲದ ಮಹಾಮಾತ್ರರಿಗೆಂದು ಬರೆಸಿದ ಆ ಶಾಸನದಲ್ಲಿ ಚಕ್ರವರ್ತಿ ಹೇಳಿಸಿರುವ ಧರ್ಮ ಬಹಳ ಸರಳವಾದುದು: ತಾಯಿತಂದೆಯರ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು.

ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟರೊಬ್ಬರು ನಮ್ಮನ್ನೆಲ್ಲ ಅಕ್ಷರಗುಂಡಿಗೆ ಕರೆದುಕೊಂಡು ಹೋದರು. ಬಂಡೆಯ ಮುಂದೆ ಸಾಲಾಗಿ ನಿಲ್ಲಿಸಿ, ಶಾಸನದ ಒಂದೊಂದು ಮಾತನ್ನು ಒಬ್ಬೊಬ್ಬ ಹುಡುಗನಿಂದ ಹೇಳಿಸತೊಡಗಿದರು. ನಾನು ಮನಸ್ಸಿನಲ್ಲೇ ತಲೆಗಳನ್ನು ಎಣಿಸಿದೆ. ಉಗ್ಗುವವನು ಸರದಿಯಲ್ಲಿ ನಿಂತಾಗ ಮೊದಲು ಮಾಡುವ ಕೆಲಸವೇ ಈ ಲೆಕ್ಕ. ನನ್ನ ಪಾಲಿಗೆ ಬಂದದ್ದು 'ಸತ್ಯವನ್ನು ನುಡಿಯಬೇಕು' ಎಂಬ ಮಾತು. ಆ 'ಸ'ಕಾರ ನನ್ನ ಹಲ್ಲಿನ ಹಿಂದೆ ಸಿಕ್ಕಿಕೊಂಡು ಹೊರಗೆ ಬರುವುದಿಲ್ಲವೆಂದು ನನಗೆ ಮೊದಲೇ ಗೊತ್ತಾಗಿಹೋಯಿತು. ನನ್ನ ಸರದಿ ಬಂದಾಗ ಥಟ್ಟನೆ "ನಿಜ ಹೇಳಬೇಕು" ಎಂದುಬಿಟ್ಟೆ.

"ಚಕ್ರವರ್ತಿಯ ಮಾತನ್ನೇ ತಿದ್ದುತ್ತೀಯೇನೋ!" ಎಂದು ಮೇಷ್ಟರು ಕಿವಿ ಹಿಂಡಿದರು. "ಇನ್ನೊಂದು ಸಲ ಹೇಳು. ಸತ್ಯ!" ನಾನು ಹೇಳಲು ಹೋದೆ. ಎಷ್ಟು ಹೊತ್ತಾಯಿತೋ ಕಾಣೆ. ಹುಡುಗರು ನಕ್ಕರು, ಮೇಷ್ಟರು ಹೊಡೆದರು. ಅವರು ಕೆಟ್ಟವರಲ್ಲ. ನಾನು ಸೋಮಾರಿ, ಬಾಯಿಪಾಠ ಮಾಡದೆ ಬಂದು ನಾಟಕ ಮಾಡುತ್ತಿದ್ದೇನೆ ಎಂದು ಅವರು ನಿಜವಾಗಿ ನಂಬಿದ್ದರು. ಯಾಕೆಂದರೆ ಅದೇ ನಾನು ತರಗತಿಯ ಹುಡುಗರೆಲ್ಲರ ಜೊತೆ ದನಿಗೂಡಿಸಿ ಇಪ್ಪತ್ತರ ಮಗ್ಗಿಯವರೆಗೆ ಒಂದು ಕಡೆಯೂ ತಡೆಯದೆ ಹೇಳುತ್ತಿದ್ದೆ. ಶನಿವಾರದ ಭಜನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದೆ. ಹಾಡಲು ಬರುವ ನಾಲಿಗೆಗೆ ಮಾತನಾಡಲು ಏಕೆ ಬಾರದು? ಅವರ ಪ್ರಶ್ನೆ ನ್ಯಾಯವಾದದ್ದೇ. ಅದರ ಉತ್ತರ ಮಾತ್ರ ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡಿದ್ದರೆ ಮನುಷ್ಯಕುಲ ನಾಲಿಗೆಯ ಮೇಲೆ ಇಷ್ಟು ಶತಮಾನಗಳ ಕಾಲ ತಪ್ಪು ಹೊರಿಸುತ್ತಿರಲಿಲ್ಲ. ಆದರೆ ಮಾತು ಬಾಯಿಂದ ಬರುತ್ತದೆ, ಬಾಯಲ್ಲಿ ಆಡುವುದು ನಾಲಿಗೆ. ಮಾತು ಕೆಟ್ಟರೆ ತಪ್ಪು ನಾಲಿಗೆಯದೇ ಎಂದು ಎಲ್ಲ ದೇಶದವರೂ ತೀರ್ಮಾನಿಸಿದರು. ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಗ್ರಂಥವೊಂದರಲ್ಲಿ, ಮನಸ್ಸಿನ ವೇಗಕ್ಕೆ ನಾಲಿಗೆ ಹೊಂದಿಕೊಳ್ಳಲಾರದೆ ಉಗ್ಗು ಬರುತ್ತದೆ ಎಂಬ ವಿವರಣೆಯಿದೆ. ಗ್ರೀಸಿನ ಮಹಾವಾಗ್ಮಿ ಡೆಮಾಸ್ತನೀಸನು ಬಾಯಲ್ಲಿ ಬೆಣಚುಕಲ್ಲುಗಳನ್ನು ಇಟ್ಟುಕೊಂಡು ಮಾತನಾಡಿ ತನ್ನ ಉಚ್ಚಾರದ ದೋಷವನ್ನು ತಿದ್ದಿಕೊಂಡನೆಂದು ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ಡೆಮಾಸ್ತನೀಸ್ ಸತ್ತದ್ದು ಕ್ರಿ. ಪೂ. 322ರಲ್ಲಿ, ಅಂದರೆ ನಮ್ಮ ಅಕ್ಷರಗುಂಡಿನ ಮೇಲೆ ಉಳಿ ಬೀಳುವುದಕ್ಕೆ ಸುಮಾರು ಅರವತ್ತು ಎಪ್ಪತ್ತು ವರ್ಷ ಮೊದಲು. ಆ ಬೆಣಚುಕಲ್ಲಿನ ಕಥೆ ಇನ್ನೂ ಸತ್ತಿಲ್ಲ. ನನ್ನ ಸೋದರಮಾವನೊಬ್ಬ ಅದನ್ನು ಎಲ್ಲಿಯೋ ಓದಿಕೊಂಡು ಬಂದು, ನನ್ನ ಬಾಯಲ್ಲಿ ಐದು ಹುಣಸೆಬೀಜ ಹಾಕಿ ಪಾಠ ಓದಿಸಿದ. ಒಂದು ಬೀಜವನ್ನು ನುಂಗಿದ್ದಷ್ಟೇ ಫಲ.

ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ದೊಡ್ಡ ತತ್ತ್ವಜ್ಞಾನಿ. ಅವನ ಮರಣಾನಂತರ ಪ್ರಕಟವಾದ ಗ್ರಂಥವೊಂದರಲ್ಲಿ, ನಾಲಿಗೆ ತಂಪಾಗಿ ಬಿಗಿತುಕೊಳ್ಳುವುದರಿಂದ ಉಗ್ಗು ಬರುತ್ತದೆಂದೂ, ಹಿತಮಿತವಾಗಿ ದ್ರಾಕ್ಷಾರಸವನ್ನು ಕುಡಿದರೆ ಕಡಿಮೆಯಾಗುತ್ತದೆಂದೂ ಹೇಳಿದೆ. 1817ರಲ್ಲಿ ಫ್ರಾನ್ಸಿನ ವೈದ್ಯ ಇಟಾರ್, ನಾಲಿಗೆಯ ಕೆಳಗೆ ಆಸರೆಯಾಗಿ ಇಡಲು ಚಿನ್ನದ ಅಥವಾ ದಂತದ ಒಂದು ಕವಲುಕಡ್ಡಿಯನ್ನು ಮಾಡಿಸಿದ. ಇವೆಲ್ಲ ನಗುವ ಸಂಗತಿಗಳು. 1841ರಲ್ಲಿ ನಡೆದದ್ದು ನಗುವಂಥದಲ್ಲ. ಬರ್ಲಿನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಡೀಫೆನ್‌ಬಾಖ್, ನಾಲಿಗೆಯ ಬುಡದಲ್ಲಿ ಮಾಂಸದ ತುಂಡೊಂದನ್ನು ಬೆಣೆಯಾಕಾರದಲ್ಲಿ ಕತ್ತರಿಸಿ ಹೊಲಿದರೆ ಉಗ್ಗು ಹೋಗುವುದೆಂದು ಸಾರಿದ. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಿ ಶಸ್ತ್ರಚಿಕಿತ್ಸೆ ಮಾಡುವುದು ಜಗತ್ತಿಗೆ ತಿಳಿದದ್ದು 1846ರಲ್ಲಿ. ಅಂದರೆ ಆ ರೋಗಿಗಳ ನಾಲಿಗೆಯನ್ನು ಅವರು ಎಚ್ಚರವಾಗಿದ್ದಂತೆಯೇ ಕತ್ತರಿಸಿದರು. ಯೂರೋಪಿನ ಬೇರೆ ಶಸ್ತ್ರವೈದ್ಯರೂ ಇದೇ ದಾರಿ ಹಿಡಿದರು. ಉಗ್ಗು ಹೋಗಲಿಲ್ಲವೆಂಬುದು ಬೇಗನೆ ಗೊತ್ತಾಗಿ ಆ ಪದ್ಧತಿಯನ್ನು ಕೈಬಿಟ್ಟರು. ಅವರು ಕೈಬಿಟ್ಟು ನೂರೆಂಬತ್ತು ವರ್ಷಗಳ ಮೇಲಾಯಿತು. ಅದೇ ಕತ್ತರಿ, ಸಣ್ಣದಾಗಿ, ಬೇರೆ ರೂಪದಲ್ಲಿ, ನಮ್ಮ ಬೀದಿಯ ಮಗುವಿಗಾಗಿ ಸೋಮವಾರ ಕಾದಿತ್ತು.

ನಾಲಿಗೆಯ ಕೆಳಗಿನ ಪೊರೆ ನಿಜವಾಗಿಯೂ ಗಿಡ್ಡವಾಗಿದ್ದು, ಎಳೆಗೂಸಿಗೆ ಮೊಲೆಹಾಲು ಕುಡಿಯಲು ತೊಂದರೆಯಾದರೆ ವೈದ್ಯರು ಅದನ್ನು ಬಿಡಿಸುವುದುಂಟು. ಅದು ಬೇರೆ ಮಾತು. ಅದಕ್ಕೂ ಉಗ್ಗಿಗೂ ಸಂಬಂಧವಿಲ್ಲ.

ನಮ್ಮ ದೇಶದವರು ಏನು ಹೇಳಿದರು? ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ವಾತವ್ಯಾಧಿಗಳನ್ನು ಹೇಳುವಾಗ ಈ ಪ್ರಸ್ತಾಪ ಬರುತ್ತದೆ. ಕಫದೊಡನೆ ಕೂಡಿದ ವಾಯು ಶಬ್ದವನ್ನು ಹೊರುವ ಧಮನಿಗಳನ್ನು ಮುಚ್ಚಿದಾಗ ಮನುಷ್ಯನು ಮೂಕನೋ, ಮೂಗಿನಲ್ಲಿ ಮಾತನಾಡುವ ಮಿನ್ಮಿನನೋ, ಗದ್ಗದನೋ ಆಗುತ್ತಾನೆ ಎಂದು ಅಲ್ಲಿ ಹೇಳಿದೆ. ಈ ವಿವರಣೆಯನ್ನು ಇಂದಿನ ವಿಜ್ಞಾನ ಒಪ್ಪುತ್ತದೆಂದು ನಾನು ಹೇಳುವುದಿಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು: ಇಲ್ಲಿ ತಪ್ಪು ನಾಲಿಗೆಯದಲ್ಲ, ಶಬ್ದವನ್ನು ಒಳಗಿನಿಂದ ಸಾಗಿಸಿ ತರುವ ದಾರಿಯದು. ಪಾಣಿನೀಯ ಶಿಕ್ಷೆ ಎಂಬ ಉಚ್ಚಾರಶಾಸ್ತ್ರದ ಗ್ರಂಥ, ಪಾಠ ಹೇಳುವವನ ದೋಷಗಳನ್ನು ಪಟ್ಟಿ ಮಾಡುವಾಗ ಶಂಕೆಯನ್ನೂ ಭೀತಿಯನ್ನೂ ಅದರಲ್ಲಿ ಸೇರಿಸಿದೆ. ಹೆಣ್ಣುಹುಲಿ ತನ್ನ ಮರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋಗುವಾಗ ಹೇಗೆ ಬೀಳಿಸುವುದೂ ಇಲ್ಲ, ಗಾಯಗೊಳಿಸುವುದೂ ಇಲ್ಲವೋ ಹಾಗೆ ಅಕ್ಷರವನ್ನು ಉಚ್ಚರಿಸಬೇಕೆಂಬ ಹೋಲಿಕೆಯೂ ಅದರಲ್ಲೇ ಇದೆ. ಉಗ್ಗುವವನ ಕಷ್ಟವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ನಾವು ಅಕ್ಷರವನ್ನು ಬೀಳಿಸುವವರಲ್ಲ; ಬೀಳುವುದೋ ಎಂಬ ಹೆದರಿಕೆಯಿಂದ ಬಿಗಿಯಾಗಿ ಕಚ್ಚುವವರು.

ಸುಶ್ರುತನ ಆ 'ಗದ್ಗದ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಆದ ಗತಿಯನ್ನು ನೋಡಿ. ಇಂದು ಗದ್ಗದಕಂಠ ಎಂದರೆ ದುಃಖದಿಂದಲೋ ಭಕ್ತಿಯಿಂದಲೋ ಗಂಟಲು ಕಟ್ಟಿದ್ದು ಎಂದೇ ಅರ್ಥ. ಭಕ್ತನ ಗಂಟಲು ಕಟ್ಟಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಉಗ್ಗನ ಗಂಟಲು ಕಟ್ಟಿದರೆ ಬೆನ್ನಿಗೆ ಗುದ್ದುತ್ತೇವೆ. ದೇಹದ ಒಂದು ಸ್ಥಿತಿಯ ಹೆಸರು ಮನಸ್ಸಿನ ಉದ್ವೇಗದ ಹೆಸರಾಗಿ ಮಾರ್ಪಟ್ಟಂತೆಯೇ ನಮ್ಮ ತಿಳಿವಳಿಕೆಯೂ ಮಾರ್ಪಟ್ಟಿತು: ಹೆದರುಪುಕ್ಕಲರಿಗೆ, ಅಳುಬುರುಕರಿಗೆ ಉಗ್ಗು ಬರುತ್ತದೆ ಎಂದುಕೊಂಡೆವು. ಹೆದರಿಕೆಯಿಂದ ಉಗ್ಗು ಹೆಚ್ಚುವುದು ನಿಜ, ಆದರೆ ಹೆದರಿಕೆಯಿಂದ ಅದು ಹುಟ್ಟುವುದಿಲ್ಲ. ಗಾಳಿಗೆ ದೀಪ ಅಲುಗುತ್ತದೆಂದು ದೀಪವನ್ನು ಹಚ್ಚಿದ್ದೇ ಗಾಳಿ ಎನ್ನಲಾದೀತೆ?

ಇನ್ನೊಂದು ಆಪಾದನೆ ನಮ್ಮ ಸೀಮೆಗೇ ವಿಶೇಷವಾದದ್ದು. ಮೊಳಕಾಲ್ಮೂರು ಆಂಧ್ರದ ಅಂಚಿನಲ್ಲಿದೆ. ನಮ್ಮ ಮನೆಯಲ್ಲಿ ಆಡುತ್ತಿದ್ದುದು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ. ಕನ್ನಡದ 'ಉಗ್ಗು' ತೆಲುಗಿನಲ್ಲಿ 'ನತ್ತಿ'. ನನಗೆ ಎರಡೂ ಬಿರುದುಗಳು ಸಂದಿದ್ದವು. ಎರಡು ಭಾಷೆ ಒಂದೇ ಬಾಯಲ್ಲಿ ಜಗಳವಾಡಿ ಹುಡುಗನ ಮಾತು ಕೆಟ್ಟಿತು ಎಂದು ಊರಿನ ಹಿರಿಯರೊಬ್ಬರು ತೀರ್ಪು ಕೊಟ್ಟರು. ಅದೇ ಬೀದಿಯಲ್ಲಿ ಅದೇ ಎರಡು ಭಾಷೆಗಳನ್ನಾಡುತ್ತ ಬೆಳೆದ ನೂರಾರು ಮಕ್ಕಳ ಮಾತು ಏಕೆ ಕೆಡಲಿಲ್ಲ ಎಂದು ಯಾರೂ ಕೇಳಲಿಲ್ಲ. ಎರಡು ಭಾಷೆ ಕಲಿಯುವುದರಿಂದ ಉಗ್ಗು ಬರುತ್ತದೆಂಬುದಕ್ಕೆ ಆಧಾರವಿಲ್ಲ. ಉಗ್ಗನನ್ನು ಅಣಕಿಸಿದವನಿಗೆ ಉಗ್ಗು ಅಂಟುತ್ತದೆಂಬುದೂ ಸುಳ್ಳೇ. ಆ ಮಾತು ನಿಜವಾಗಿದ್ದರೆ ನನ್ನ ತರಗತಿಯಲ್ಲಿ ಒಬ್ಬನೂ ನೆಟ್ಟಗೆ ಮಾತನಾಡುತ್ತಿರಲಿಲ್ಲ.

ನನ್ನ ಅಜ್ಜಿ ಮಾತ್ರ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಗಿಳಿ ಕಚ್ಚಿದ ಸೀಬೆಹಣ್ಣನ್ನು ಹುಡುಕಿ ತಂದು ತಿನ್ನಿಸುತ್ತಿದ್ದಳು. ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿಸಿ ಹರಕೆ ಕಟ್ಟಿದಳು. ರಾವಣನೊಡನೆ ಹೋರಾಡಿ ಬಿದ್ದ ಜಟಾಯು, ರಾಮ ಬರುವ ತನಕ ಪ್ರಾಣ ಹಿಡಿದುಕೊಂಡಿದ್ದು ಸೀತೆಯ ಸುದ್ದಿಯನ್ನು ಹೇಳಿಯೇ ಸತ್ತನಲ್ಲವೆ? "ಎಷ್ಟು ಹೊತ್ತಾದರೂ ಚಿಂತೆ ಇಲ್ಲ ಮಗಾ, ಹೇಳೋ ಮಾತು ಹೇಳೇ ತೀರಬೇಕು" ಎನ್ನುತ್ತಿದ್ದಳು. ಸೀಬೆಹಣ್ಣಿನಿಂದ ಏನೂ ಆಗಲಿಲ್ಲ. ಆ ಮಾತಿನಿಂದ ಆಯಿತು. ಮನೆಯಲ್ಲಿ ನನ್ನ ಮಾತು ಮುಗಿಯುವ ತನಕ ಕಾಯುತ್ತಿದ್ದವಳು ಅವಳೊಬ್ಬಳೇ.

ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಹಳೆಯ ಬೆಳ್ಳಿಯ ರೂಪಾಯಿ ಇತ್ತು. ಅದರ ಮೇಲಿನ ಮುಖ ಆರನೆಯ ಜಾರ್ಜ್ ದೊರೆಯದು. ಅವನೂ ಉಗ್ಗುತ್ತಿದ್ದನೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1925ರ ಅಕ್ಟೋಬರ್ 31ರಂದು ವೆಂಬ್ಲಿಯ ವಸ್ತುಪ್ರದರ್ಶನದ ಸಮಾರೋಪದಲ್ಲಿ, ಇನ್ನೂ ರಾಜಕುಮಾರನಾಗಿದ್ದಾಗ, ಅವನು ಮಾಡಿದ ಭಾಷಣ ಅವನಿಗೂ ಕೇಳಿದವರಿಗೂ ಶಿಕ್ಷೆಯಾಯಿತು. ಮರುವರ್ಷ ಲಯೊನೆಲ್ ಲೋಗ್ ಎಂಬ ಆಸ್ಟ್ರೇಲಿಯದವನ ಬಳಿ ಅಭ್ಯಾಸಕ್ಕೆ ತೊಡಗಿದ. 1939ರ ಸೆಪ್ಟೆಂಬರ್ 3ರಂದು, ಯುದ್ಧ ಘೋಷಣೆಯಾದ ದಿನ, ರೇಡಿಯೋದಲ್ಲಿ ತನ್ನ ಸಾಮ್ರಾಜ್ಯವನ್ನು ಕುರಿತು ಮಾತನಾಡಿದ. ಅವನ ಉಗ್ಗು ಹೋಗಿತ್ತೇ? ಇಲ್ಲ. ಉಗ್ಗನ್ನು ಇಟ್ಟುಕೊಂಡೇ ಮಾತನಾಡುವುದನ್ನು ಕಲಿತಿದ್ದ. ನಮ್ಮ ನೆರೆಯ ಕೇರಳದಲ್ಲಿ 1957ರಲ್ಲಿ ಮೊದಲ ಮುಖ್ಯಮಂತ್ರಿಯಾದ ಇ. ಎಂ. ಎಸ್. ನಂಬೂದಿರಿಪಾಡರೂ ಉಗ್ಗುತ್ತಿದ್ದವರೇ. ಯಾರೋ ಅವರನ್ನು, ನೀವು ಯಾವಾಗಲೂ ಉಗ್ಗುತ್ತೀರಾ ಎಂದು ಕೇಳಿದರಂತೆ. ಇಲ್ಲ, ಮಾತನಾಡುವಾಗ ಮಾತ್ರ ಎಂದರಂತೆ. ಈ ಉತ್ತರ ಕೇಳಿ ನಗುವ ಸಾವಿರ ಜನರಲ್ಲಿ, ಅದು ಎಷ್ಟು ಅಭ್ಯಾಸದಿಂದ ಬಂದ ನಿರ್ಲಿಪ್ತತೆ ಎಂಬುದು ಉಗ್ಗುವವನಿಗೆ ಮಾತ್ರ ಗೊತ್ತು.

ಇಪ್ಪತ್ತನೆಯ ಶತಮಾನದಲ್ಲಿ ತಪ್ಪು ನಾಲಿಗೆಯಿಂದ ಇಳಿದು ತಾಯಿಯ ಮೇಲೆ ಕುಳಿತಿತು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದವನು. ಎಲ್ಲ ಎಳೆಯ ಮಕ್ಕಳೂ ತಡವರಿಸುತ್ತವೆ. ತಾಯಿತಂದೆಯರು ಅದನ್ನು ದೋಷವೆಂದು ಹೆಸರಿಟ್ಟು ಗದರಿಸುವುದರಿಂದಲೇ ಅದು ಉಗ್ಗಾಗಿ ಬಲಿಯುತ್ತದೆ ಎಂಬುದು ಅವನ ಸಿದ್ಧಾಂತ. ಇದನ್ನು ಪರೀಕ್ಷಿಸಲು 1939ರಲ್ಲಿ ಅವನ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಡೇವನ್‌ಪೋರ್ಟಿನ ಅನಾಥಾಲಯವೊಂದರ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದಳು. ಸರಿಯಾಗಿ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೆ, ನಿನಗೆ ಉಗ್ಗು ಬರುತ್ತಿದೆ, ಸರಿಯಾಗಿ ಬರುವ ಹಾಗಿದ್ದರೆ ಮಾತ್ರ ಮಾತನಾಡು ಎಂದು ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ಉಗ್ಗರಾದರೆಂದು ಸಾಧಿಸಿ ತೋರಿಸಲಾಗಲಿಲ್ಲ. ಆದರೆ ಅವರು ಬಾಯಿ ತೆರೆಯಲು ನಾಚಿ, ಹೆದರಿ, ಮೂಲೆ ಸೇರಿದರು. ಈ ಸಂಗತಿ ಸಾಮಾನ್ಯ ಜನರಿಗೆ ತಿಳಿದದ್ದು 2001ರಲ್ಲಿ, ಒಂದು ಪತ್ರಿಕೆಯ ಮೂಲಕ. ವಿಶ್ವವಿದ್ಯಾನಿಲಯ ಅದೇ ವರ್ಷ ಕ್ಷಮೆ ಕೇಳಿತು. ಆಗ ಮಕ್ಕಳಾಗಿದ್ದ ಕೆಲವರಿಗೆ 2007ರಲ್ಲಿ ಪರಿಹಾರವೂ ದೊರೆಯಿತು. ಅಷ್ಟು ಹೊತ್ತಿಗೆ ಅವರು ಎಂಬತ್ತರ ಆಸುಪಾಸಿನ ಮುದುಕರು.

ಆ ಪ್ರಯೋಗದ ವೃತ್ತಾಂತವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಉಗ್ಗು ಎಂಬುದು ಎರಡು ಪದರದ ಸಂಗತಿ ಎಂದು ಅದರಿಂದ ತಿಳಿಯಿತು. ಒಂದು, ಮಾತು ತಡೆಯುವುದು. ಅದು ಹುಟ್ಟಿನೊಂದಿಗೆ ಬಂದದ್ದು. ಇನ್ನೊಂದು, ಮಾತನಾಡಲು ಹೆದರುವುದು. ಅದು ಊರು ಕೊಟ್ಟದ್ದು. ಮೊದಲನೆಯದು ಇಲ್ಲದ ಮಕ್ಕಳಿಗೂ ಎರಡನೆಯದನ್ನು ಕೊಡಬಹುದೆಂದು ಡೇವನ್‌ಪೋರ್ಟ್ ತೋರಿಸಿತು.

ಇಂದಿನ ತಿಳಿವಳಿಕೆ ಹೀಗಿದೆ. ಉಗ್ಗು ಬಹುಮಟ್ಟಿಗೆ ಎರಡರಿಂದ ಐದು ವರ್ಷದೊಳಗೆ ಮೊದಲಾಗುತ್ತದೆ. ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಅದು ಒಂದಲ್ಲ ಒಂದು ಕಾಲದಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ವರಲ್ಲಿ ಸುಮಾರು ಮೂವರಿಗೆ ದೊಡ್ಡವರಾಗುವ ಮೊದಲೇ ಹೋಗುತ್ತದೆ. ಬೆಳೆದವರಲ್ಲಿ ನೂರಕ್ಕೆ ಒಬ್ಬರಂತೆ ಉಳಿಯುತ್ತದೆ. ಹಾಗೆ ಉಳಿದವರಲ್ಲಿ ಗಂಡಸರು ಹೆಂಗಸರ ನಾಲ್ಕರಷ್ಟು. ಮಾತನಾಡಲು ಉಸಿರು, ಗಂಟಲು, ನಾಲಿಗೆ, ತುಟಿಗಳು ಕ್ಷಣದ ಹತ್ತನೆಯ ಒಂದು ಪಾಲಿನಷ್ಟು ಕಾಲದಲ್ಲಿ ಒಂದಕ್ಕೊಂದು ಹೊಂದಿಕೊಳ್ಳಬೇಕು. ಆ ಹೊಂದಾಣಿಕೆಯ ಲಯವನ್ನು ಹಿಡಿಯುವ ಮಿದುಳಿನ ಭಾಗಗಳೂ ಅವುಗಳ ನಡುವಿನ ಎಳೆಗಳೂ ಉಗ್ಗುವವರಲ್ಲಿ ಕೊಂಚ ಬೇರೆಯಾಗಿ ಬೆಳೆದಿರುತ್ತವೆ. ಹಾಡುವಾಗ, ಎಲ್ಲರೊಡನೆ ಮಗ್ಗಿ ಹೇಳುವಾಗ, ಲಯ ಹೊರಗಿನಿಂದ ಸಿಗುತ್ತದೆ, ಆಗ ತಡೆಯುವುದಿಲ್ಲ. ನಮ್ಮ ಮೇಷ್ಟರ ಪ್ರಶ್ನೆಗೆ ಇದೇ ಉತ್ತರ. ಎಷ್ಟೋ ಮನೆಗಳಲ್ಲಿ ಇದು ವಂಶದಲ್ಲಿ ಹರಿದು ಬರುತ್ತದೆ. ನಮ್ಮಲ್ಲಿಯಂತೆಯೇ ಹತ್ತಿರದ ನೆಂಟರಲ್ಲಿ ಮದುವೆ ಮಾಡುವ ಪಾಕಿಸ್ತಾನದ ಕುಟುಂಬಗಳಿಂದ ಮೊದಲುಗೊಂಡು ಡೆನಿಸ್ ಡ್ರೇನಾ ಮತ್ತು ಸಂಗಡಿಗರು ನಡೆಸಿದ ಸಂಶೋಧನೆ, ಉಗ್ಗಿನೊಡನೆ ಸಂಬಂಧವಿರುವ ಮೂರು ಜೀನುಗಳನ್ನು 2010ರಲ್ಲಿ ಗುರುತಿಸಿತು. ಎಲ್ಲ ಉಗ್ಗಿಗೂ ಅವೇ ಕಾರಣವಲ್ಲ. ಆದರೆ ನಾಲಿಗೆಯ ಮೇಲೂ ತಾಯಿಯ ಮೇಲೂ ಹೊರಿಸಿದ ತಪ್ಪು ಸುಳ್ಳೆಂದು ಸಾರಲು ಅಷ್ಟು ಸಾಕು. ಬುದ್ಧಿಗೂ ಉಗ್ಗಿಗೂ ನಂಟಿಲ್ಲ. ಎಡಗೈ ಹುಡುಗನನ್ನು ಬಲಗೈಗೆ ತಿದ್ದುವುದರಿಂದ ಉಗ್ಗು ಬರುತ್ತದೆಂದು ಅಯೋವಾದಲ್ಲೇ ಒಂದು ಕಾಲಕ್ಕೆ ಬಲವಾಗಿ ನಂಬಿದ್ದರು; ಅದೂ ನಿಲ್ಲಲಿಲ್ಲ.

ಇಷ್ಟನ್ನು ನಾನು ಕಲಿತದ್ದು ಪುಸ್ತಕದಿಂದ ಮಾತ್ರವಲ್ಲ. 1965ರಲ್ಲಿ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಮರುವರ್ಷ ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಅದರ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ಮಾನಸಗಂಗೋತ್ರಿಯಲ್ಲಿ ಅದು ವಿಶ್ವವಿದ್ಯಾನಿಲಯದ ನೆರೆಯಲ್ಲೇ ಇದೆ. ನಾನು ಚರಿತ್ರೆಯಲ್ಲಿ ಎಂ. ಎ. ಓದಲು 1979ರಲ್ಲಿ ಅಲ್ಲಿಗೆ ಹೋದವನು, ಆ ಬೋರ್ಡಿನ ಮುಂದೆ ಎರಡು ತಿಂಗಳು ಹಾದುಹೋಗಿ, ಒಂದು ದಿನ ಧೈರ್ಯ ಮಾಡಿ ಒಳಗೆ ಹೋದೆ. ಹೆಸರು ಕೇಳಿದರು. ಹೇಳಲು ಹೊರಟೆ. ಎದುರಿಗಿದ್ದಾಕೆ ಗಡಿಯಾರ ನೋಡಲಿಲ್ಲ, ನನ್ನ ಹೆಸರನ್ನು ತಾನೇ ಊಹಿಸಿ ಹೇಳಲಿಲ್ಲ, ನಿಧಾನ ನಿಧಾನ ಎನ್ನಲಿಲ್ಲ. ಸುಮ್ಮನೆ ನನ್ನ ಮುಖವನ್ನು ನೋಡುತ್ತ ಕಾದರು. ಅಜ್ಜಿಯ ತರುವಾಯ ಹಾಗೆ ಕಾದವರು ಅವರೇ.

ಅಲ್ಲಿ ಔಷಧವಿರಲಿಲ್ಲ, ಕತ್ತರಿಯಿರಲಿಲ್ಲ. ಸ್ವರವನ್ನು ಮೆಲ್ಲನೆ ಎತ್ತಿಕೊಂಡು, ಮೊದಲಕ್ಷರವನ್ನು ಎಳೆದು, ಉಸಿರಿಗೆ ಹೊಂದಿಸಿ ಮಾತನಾಡುವುದನ್ನು ಕಲಿಸಿದರು. ನಮ್ಮ ತಂದೆ ಮಗ್ಗದ ಮುಂದೆ ಕುಳಿತು ಹೇಳುತ್ತಿದ್ದ ಮಾತು ನೆನಪಾಯಿತು: ಸಿಕ್ಕಾದ ಎಳೆಯನ್ನು ಜಗ್ಗಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಬಿಡಿಸಿಕೊಳ್ಳುತ್ತದೆ. ರೇಷ್ಮೆಯ ವಿಷಯದಲ್ಲಿ ಇಷ್ಟು ತಿಳಿದಿದ್ದ ಅವರು ನನ್ನ ಮಾತಿನ ವಿಷಯದಲ್ಲಿ ಮಾತ್ರ ಜಗ್ಗುತ್ತಲೇ ಇದ್ದರು. ಅವರನ್ನು ದೂರಲಾರೆ. ಅವರಿಗೆ ಹೇಳುವವರು ಯಾರಿದ್ದರು?

ಉಗ್ಗಿಗಿಂತ ಕಷ್ಟವಾದದ್ದು ಉಗ್ಗನ್ನು ಬಚ್ಚಿಡುವ ಕೆಲಸ. ವಾಚಕರಿಗೆ ಇದೊಂದನ್ನು ಹೇಳಲೇಬೇಕು. ಪಿ. ಯು. ಸಿ. ಓದುವಾಗ ನಾನು ಚಳ್ಳಕೆರೆಯಿಂದ ಊರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರು "ಎಲ್ಲಿಗಪ್ಪಾ?" ಎಂದು ಕೇಳಿದರೆ 'ಮೊಳಕಾಲ್ಮೂರು' ಎಂಬ ಶಬ್ದ ತುಟಿಯಲ್ಲೇ ಅಂಟಿಕೊಂಡುಬಿಡುತ್ತಿತ್ತು. ಹುಟ್ಟಿದ ಊರಿನ ಹೆಸರು! ಬಸ್ಸೆಲ್ಲ ನನ್ನ ಕಡೆ ನೋಡುವುದನ್ನು ತಾಳಲಾರದೆ "ರಾಯದುರ್ಗ" ಎಂದುಬಿಡುತ್ತಿದ್ದೆ. ರಾಯದುರ್ಗ ನಮ್ಮ ಊರಿನಿಂದ ಆಚೆಗಿದೆ. ಟಿಕೆಟ್ಟಿಗೆ ಹೆಚ್ಚು ಕಾಸು. ಅಪ್ಪ ಮಗ್ಗದ ಕೂಲಿಯಲ್ಲಿ ಉಳಿಸಿ ಕೊಟ್ಟ ಕಾಸು ಅದು. ಎರಡು ವರ್ಷ ರಾಯದುರ್ಗದ ಟಿಕೆಟ್ಟು ತೆಗೆದುಕೊಂಡು ಮೊಳಕಾಲ್ಮೂರಿನಲ್ಲಿ ಇಳಿದೆ. ಒಂದು ದಿನ ಕಂಡಕ್ಟರು, "ಇದು ರಾಯದುರ್ಗ ಅಲ್ಲಪ್ಪ" ಎಂದು ಪಾಪ ಕೈ ಹಿಡಿದು ತಡೆದ. ಏನೂ ಹೇಳದೆ ಕೈ ಬಿಡಿಸಿಕೊಂಡು ಓಡಿದೆ.

ಸತ್ಯವನ್ನು ನುಡಿಯಬೇಕು ಎಂದು ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ಊರಿನವನು ನಾನು. ಆ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂಬ ಅರ್ಥದ ಶಬ್ದವನ್ನು ಅವನು ಈ ಸೀಮೆಯವರಾರಿಗೂ ಬಾರದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಉಗ್ಗುವವರೆಲ್ಲ ಒಂದಲ್ಲ ಒಂದು ದಿನ ಚಪಡನನ್ನು ಕಂಡು ಅಸೂಯೆಪಡುತ್ತಾರೆ. ಉಳಿ ಉಗ್ಗುವುದಿಲ್ಲ, ಲೇಖನಿಯೂ ಉಗ್ಗುವುದಿಲ್ಲ. ನಾನೂ ಬಹುಕಾಲ ಬರವಣಿಗೆಯ ಹಿಂದೆ ಬಚ್ಚಿಟ್ಟುಕೊಂಡೆ. ಮೈಸೂರಿನ ಆಕೆ ಕಲಿಸಿದ ದೊಡ್ಡ ಪಾಠವೆಂದರೆ ಬಚ್ಚಿಟ್ಟುಕೊಳ್ಳದೆ ಇರುವುದು. "ಉಗ್ಗಿದರೆ ಉಗ್ಗಿ, ಆದರೆ ಹೇಳಬೇಕು ಅಂದುಕೊಂಡದ್ದನ್ನೇ ಹೇಳಿ" ಎಂದರು. ಆ ವರ್ಷದ ದಸರಾ ರಜೆಗೆ ಊರಿಗೆ ಬಂದಾಗ ಚಳ್ಳಕೆರೆಯಲ್ಲಿ ಬಸ್ಸು ಹತ್ತಿ, ಅರ್ಧ ನಿಮಿಷ ತೆಗೆದುಕೊಂಡು, ಮೊಳಕಾಲ್ಮೂರಿನ ಟಿಕೆಟ್ಟು ಕೇಳಿದೆ. ಹಿಂದಿನ ಸೀಟಿನವರು ಯಾರೋ ನಕ್ಕರು. ನಗಲಿ ಎಂದುಕೊಂಡೆ. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದೆ. ಹಾಜರಿ ಕೂಗುವಾಗ ಕೆಲವು ಹೆಸರುಗಳಲ್ಲಿ ತಡೆಯುತ್ತಿತ್ತು. ಮಕ್ಕಳು ಮೊದಲ ವಾರ ನಗುತ್ತಿದ್ದರು, ಎರಡನೆಯ ವಾರ ಮರೆಯುತ್ತಿದ್ದರು.

ಇನ್ನು ಆ ಸಂಜೆಗೆ ಬರುತ್ತೇನೆ. ಅವಳು "ಕತ್ತರಿಸೋದಾ, ಬೇಡವಾ?" ಎಂದು ಕೇಳಿದಾಗ ನಾನು ಕೊಟ್ಟ ಉತ್ತರ: "ಬೇಡಮ್ಮ. ಕಾಯಿರಿ." ಆ 'ಬೇ' ಎಂಬುದು ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು. ತಾಯಿಯ ಸೆರಗಿನ ಹಿಂದೆ ಅಡಗಿದ್ದ ಹುಡುಗ ಥಟ್ಟನೆ ತಲೆಯೆತ್ತಿ ನನ್ನ ಬಾಯಿಯನ್ನೇ ನೋಡಿದ. ತನ್ನ ಹಾಗೆ ಮಾತನಾಡುವ ಇನ್ನೊಬ್ಬ ಮನುಷ್ಯನನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಕಾಯಿರಿ ಎಂದರೆ ಕೈಕಟ್ಟಿ ಕುಳಿತಿರಿ ಎಂದಲ್ಲ. ಆರು ತಿಂಗಳಾದರೂ ಹೋಗದಿದ್ದರೆ, ಮಗು ಮಾತನಾಡಲು ಒದ್ದಾಡುತ್ತಿದ್ದರೆ, ಬಲ್ಲವರಿಗೆ ತೋರಿಸಬೇಕು. ಚಿಕ್ಕ ವಯಸ್ಸಿನಲ್ಲಿ ತೊಡಗಿದಷ್ಟೂ ಫಲ ಹೆಚ್ಚು. ಮೈಸೂರಿನ ಸಂಸ್ಥೆಯಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೊಂದು ವಿಭಾಗವಿದೆ. ಕಾಯಬೇಕಾದದ್ದು ಮನೆಯವರು, ಮಗುವಿನ ಮಾತು ಮುಗಿಯುವ ತನಕ. ಅವನ ಶಬ್ದವನ್ನು ನೀವು ತುಂಬಿ ಕೊಡಬೇಡಿ. ನಿಧಾನ ಎನ್ನಬೇಡಿ, ನೀವೇ ನಿಧಾನವಾಗಿ ಮಾತನಾಡಿ. ಹೇಗೆ ಹೇಳಿದ ಎಂಬುದನ್ನು ಬಿಟ್ಟು ಏನು ಹೇಳಿದ ಎಂಬುದನ್ನು ಕೇಳಿ. ಇಷ್ಟನ್ನೂ ಅವಳಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಗಂಡನಿಗೂ ಅತ್ತೆಗೂ ಓದಿ ಹೇಳಲಿ ಎಂದು. ಬಜೆಯನ್ನು ನಿಲ್ಲಿಸಿ ಎಂದು ಸೇರಿಸಿದೆ. ಹಿರಿಯಾಕೆಗೆ ಬೇಸರವಾದೀತೆಂದು ಅವರನ್ನು ಕಂಡು ನಾನೇ ಹೇಳಿಬಂದೆ.

ಸೋಮವಾರ ಅವರು ಹೋಗಲಿಲ್ಲ. ಕಾರ್ತಿಕದಲ್ಲಿ ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋದರು. ಈಗ ಮೊದಲಿಗಿಂತ ವಾ ಸಿ. ಪೂರ್ತಿ ಹೋಗುತ್ತದೋ, ನನ್ನ ಹಾಗೆ ಉಳಿಯುತ್ತದೋ, ಇಷ್ಟು ಬೇಗ ಹೇಳಲಾಗುವುದಿಲ್ಲ. ಮೊನ್ನೆ ಭಾನುವಾರ ಅವನಾಗಿಯೇ ನಮ್ಮ ಜಗುಲಿಗೆ ಬಂದ. ಕೈಯಲ್ಲಿ ಅಪ್ಪನ ಹಳೆಯ ಲಾಳಿ. ಏನೋ ಹೇಳುವುದಿತ್ತು. ತುಟಿ ಕೂಡಿತು, ಮಾತು ಬರಲಿಲ್ಲ. ನಾನು ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟೆ.

"ಮ-ಮ-ಮೇಷ್ಟ್ರೇ, ಇದು ನಂದು" ಎಂದ.

ಅವನು ಹೇಳಬೇಕೆಂದು ಬಂದದ್ದು ಅಷ್ಟೇ. ಹೇಳಿ, ಲಾಳಿಯನ್ನು ನನಗೊಮ್ಮೆ ತೋರಿಸಿ, ಮನೆಗೆ ಓಡಿದ.